ಅಂಗೈಯಾಗಿನ ಗುಳಿ

ಮೊದಲ ವರ್ಷ ನನಗ ಸಿಕ್ಕಿದ್ದು
ಇನ್ನೂರಾ ಆರು ಎಲುಬು, ಒಂದು ಹಳೇ ಪುಸ್ತಕ,
ಅದರ ಅಂಚಿನಾಗ ಹಿಂದಿನಾಕಿ ಯಾರೋ ಪೆನ್ಸಿಲ್ಲಿಲೆ ಬರದ ಮಾತು:
"ಇದು ಪರೀಕ್ಷಾಕ್ಕ ಬರೂದಿಲ್ಲ. ಪೇಷಂಟಿಗೆ ಬರ್ತದ."

ಓಣ್ಯಾಗ ಕೇಳತಿದ್ರು, ಡಾಕ್ಟರೇನು? ಅಲ್ಲ.
ನರ್ಸ್? ಅಲ್ಲ.
ಮತ್ತ ಮಾಲೀಷ್ ಕಲೀಲಿಕ್ಕೆ ನಾಕೂವರಿ ವರ್ಷ ಬೇಕೇನವಾ?
ಅವ್ವ ರೊಟ್ಟಿ ಬಡಿಯೂದು ನಿಲ್ಲಿಸದನ ಅಂದಳು:
"ಬೇಕಾಗಿರಬೇಕು. ನನಗ ರೊಟ್ಟಿಗೇ ಹತ್ತು ಹಿಡದಾವ."

ಸೇಡಂ ರೋಡಿನ ಖಾನಾವಳಿಗೆ ದಿನಾ ಮುನ್ನೂರು ರೊಟ್ಟಿ.
ಬೆಳಗಿನ ನಾಕಕ್ಕ ಚಾಲೂ ಆಗೂ ಆ ಸಪ್ಪಳದಾಗ
ತೋಳಿನ ನರಗಳ ಹಾದಿ ಬಾಯಿಪಾಠ ಮಾಡೀನಿ:
ಕುತ್ತಿಗಿಂದ ಹೊಂಟು, ಕಂಕುಳದಾಗ ಗಂಟಾಗಿ, ಮತ್ತ ಬಿಚ್ಚಿ,
ಬೆರಳಿನ ತುದಿತನಾ,
ವಾಡಿ ಜಂಕ್ಷನ್ನಿನ ಹಳಿ ಇದ್ದಂಗ.

ಅನಾಟಮಿ ಹಾಲಿನಾಗ ಮಲಗಿದ್ದ ಮುದುಕನ ಹೆಸರು ಯಾರಿಗೂ ಗೊತ್ತಿದ್ದಿಲ್ಲ.
ಹಿಮ್ಮಡ ಒಡದಿದ್ದವು, ನಮ್ಮ ಕಡೆಯವನೇ.
ಆ ವಾಸನಿ ಕೂದಲಾಗ ಹೊತ್ತು ಮನಿಗೆ ಬಂದ ದಿನ
ಅವ್ವ ಏನೂ ಕೇಳಲಿಲ್ಲ,
ತಲಿಗೆ ಎರಡು ತಂಬಿಗಿ ಬಿಸಿನೀರು ಹೆಚ್ಚಿಗೆ ಹಾಕಿದಳು.

ಎರಡನೇ ವರ್ಷ ಕಫ ಬಿಡಿಸೂ ಪಾಠ.
ಬೆನ್ನು ತಟ್ಟಬೇಕು, ಅಂಗೈ ಬಟ್ಟಲ ಮಾಡಿ.
ನನ್ನ ಕೈ ಸಪಾಟ ಬಿತ್ತು, ಚಟ್ ಅಂತು.
ಮೇಡಂ ಅಂದ್ರು: "ಇದು ಯಾರ ಮನಿ ರೊಟ್ಟಿ?"
ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದು ಅತ್ತೆ.
ಅವ್ವ ಹಿಟ್ಟಿನ ಕೈಲೇ ನನ್ನ ಬೆರಳು ಮಡಚಿದಳು,
"ಗಾಳಿಗೆ ಜಾಗಾ ಬಿಡು.
ನಿನಗ ನಿಮೋನಿಯಾ ಆದಾಗ ರಾತ್ರಿಯೆಲ್ಲಾ ಹಿಂಗ ತಟ್ಟೀನಿ.
ಯಾ ಮೇಡಂ ಕಲಿಸಿದ್ರು ನನಗ?"

ಮೂರನೇ ವರ್ಷ ಗೋನಿಯೋಮೀಟರ್ ಕೊಂಡೆ.
ಮೊದಲ ಅಳದಿದ್ದು ಅವ್ವನ ಬಲ ತೋಳು:
ತೊಂಬತ್ತು. ಅದರ ಮ್ಯಾಲ ಏಳವಲ್ಲದು.
ಪುಸ್ತಕದಾಗ ನೂರಾ ಎಂಬತ್ತು ಅದ.
"ಉಳದದ್ದು ಎಲ್ಲಿ ಹೋತವ್ವಾ?"
ಅಕಿ ಬುಟ್ಟಿ ಹತ್ತಿರ ಎಳಕೊಂಡು
ರೊಟ್ಟಿ ಎಣಿಸ್ಲಿಕ್ಕೆ ಹತ್ತಿದಳು.

ಈಗ ಇಂಟರ್ನ್‌ಶಿಪ್, ಕಡೀ ಆರು ತಿಂಗಳು.
ಹನ್ನೊಂದನೇ ಬೆಡ್ಡಿನ ಲಾಲಸಾಬ, ರೈಲ್ವೆ ಗ್ಯಾಂಗಮನ್,
ಲಕ್ವಾ ಹೊಡದು ಎಡಗಡೆ ಮೈ ತನ್ನದಲ್ಲ ಅಂತಾನ.
ಕಾಲು ಎತ್ತೂದಿಲ್ಲ, ಎಳೀತಾನ.
"ಚಾಚಾ, ಹೆಜ್ಜಿ ಹಾಕ್ರಿ" ಅಂದ್ರ
"ಎಲ್ಲಿಗೆ?" ಅಂತಾನ.
ಯಾವ ಸೆಮಿಸ್ಟರಿನಾಗೂ ಇದಕ್ಕ ಉತ್ತರ ಇದ್ದಿಲ್ಲ.

ನಿನ್ನೆ ವರಾಂಡದಾಗ ತಲಿ ತಗ್ಗಿಸಿ ನಿಂತಿದ್ದೆ.
ಕೆಳಗ ಶಹಾಬಾದಿ ಫರಸಿ.
ಸಂದು, ಸಂದು, ಸಂದು.
"ಚಾಚಾ, ಇವು ಸ್ಲೀಪರ್ ಅಂತ ತಿಳೀರಿ."
ಅಂವ ಬಗ್ಗಿ ನೋಡಿದ, ಭಾಳ ಹೊತ್ತು.
"ಅಂತರ ತಪ್ಪ್ಯಾವ ಬೇಟಿ. ಯಾವ ಮೇಸ್ತ್ರಿ ಹಾಕ್ಯಾನ ಇವನ್ನ?"
ಬೈಕೋತನ ಎಡಗಾಲು ಎತ್ತಿದ.
ಎರಡು ಇಂಚು ಇದ್ದೀತು.
ನನ್ನ ಕೈ ಅಂವನ ಸೊಂಟದ ಬೆಲ್ಟಿನ ಮ್ಯಾಲಿತ್ತು,
ಹಿಡೀಲಿಲ್ಲ, ಬಿಡಲೂ ಇಲ್ಲ.

ಸಂಜಿಗೆ ಅವ್ವ ಗ್ವಾಡಿ ಮುಂದ ನಿಂತಾಳ.
ಬೆರಳು ಇರಿವಿ ಹಂಗ ಮ್ಯಾಲ ಏರತಾವ.
ಸೋಮವಾರದ ಸುಣ್ಣದ ಗೆರಿ, ಗುರುವಾರದ ಗೆರಿ,
ಅದರ ಮ್ಯಾಲ ಒಂದು ಬೆರಳಿನಷ್ಟು.
"ಇನ್ನೊಂಚೂರು" ಅಂದೆ.
"ಸಾಕು ಬಿಡು, ಹಿಟ್ಟು ಆರ್ತದ" ಅಂತ
ಕೈ ಇಳಿಸಿದಳು,
ಸವಕಾಶ, ನಾ ಹೇಳಿಕೊಟ್ಟಂಗ.