ಬಲಗಿವಿಯ ಕಡೆಯ ಕುರ್ಚಿ

ಮೊದಲ ಸಲ ಬಂದಾಗ ಅವನು ಏನೂ ತಿನ್ನಲಿಲ್ಲ.
ಕಿಟಕಿಯ ಮೇಜಿಗೆ ಕೂತ, ಎದ್ದ.
ಗೋಡೆಯ ಮೇಜಿಗೆ ಕೂತ, ಪಕ್ಕದ ಖಾಲಿ ಕುರ್ಚಿಗೆ
ಏನೋ ಪಿಸುಗುಟ್ಟಿದ.
ಲೋಟ ಒರೆಸುತ್ತ ನೋಡುತ್ತಲೇ ಇದ್ದೆ.
ಬಂದರಿನ ಊರಲ್ಲಿ ಮಾಣಿಯಾದವನು
ಎಂಥ ಹುಚ್ಚನನ್ನೂ ಒಂದು ಕಾಫಿಯ ತನಕ ಸಹಿಸುತ್ತಾನೆ.

ಆಮೇಲೆ ಹೇಳಿದ: ಹೆಸರು ರಮಿರೊ.
ವಾಲ್ಪರೈಸೊದ ಗುಡ್ಡಕ್ಕೆ ಜನರನ್ನೆಳೆಯುವ
ಹಗ್ಗದ ಬಂಡಿಯಲ್ಲಿ ಚೀಟಿ ಹರಿಯುವ ಕೆಲಸ.
ವಯಸ್ಸು ಐವತ್ತೆರಡು. ಜೇಬಿನಲ್ಲಿ ಉಂಗುರ,
ಡಬ್ಬಿ ಇಲ್ಲ, ಕರವಸ್ತ್ರದ ತುದಿಗೆ ಗಂಟು.
ನಾಲ್ಕು ವಾರದಿಂದ ಹೋಟೆಲು ಹುಡುಕುತ್ತಿದ್ದಾನೆ.

"ಗುಡ್ಡದ ನೆತ್ತಿಯ ಆ ದೊಡ್ಡದರಲ್ಲಿ
ಮೇಣದಬತ್ತಿ ಇದೆ, ಕೊಲ್ಲಿಯೆಲ್ಲ ಕಾಣುತ್ತದೆ,
ಹಡಗುಗಳು ದೀಪ ಹಚ್ಚಿಕೊಂಡು ನಿಂತಿರುತ್ತವೆ.
ಆದರೆ ಪಿಟೀಲಿನವನೊಬ್ಬ ಮೇಜಿಂದ ಮೇಜಿಗೆ ಬರುತ್ತಾನೆ,
ಬೇಡ ಅಂದರೆ ಇನ್ನೂ ಹತ್ತಿರ ಬರುತ್ತಾನೆ.
ದಂಡೆಯ ಮೇಲಿನದರಲ್ಲಿ ಕಡಲದೇ ಗಲಾಟೆ.
ಇನ್ನೊಂದರಲ್ಲಿ ಹೂವು, ಬೆಳ್ಳಿಯ ಚಮಚ,
ಕಲ್ಲಿನ ನೆಲ; ಚಮಚ ಬಿದ್ದರೆ ಗುಂಡು ಹೊಡೆದ ಹಾಗೆ."

ನನಗೆ ತಿಳಿಯಲಿಲ್ಲ. ಪ್ರೀತಿಗೆ ಪಿಟೀಲು ಬೇಡವೆ?

ಆಗ ನೋಲ್ವಿಯಾಳ ವಿಷಯ ಬಂತು.
ಮೀನು ತುಂಬುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಮುಚ್ಚಳ ಒತ್ತುವ ಯಂತ್ರದ ಪಕ್ಕ ನಿಂತು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವಳು.
ಗದ್ದಲವಿದ್ದರೆ ಇನ್ನೊಂದೂ ಕೈಕೊಡುತ್ತದೆ.
ಕೇಳಿಸದಿದ್ದಾಗ ನಗುತ್ತಾಳಂತೆ, ತಲೆಯಾಡಿಸುತ್ತಾಳಂತೆ,
ಹೂಂ ಅಂತಾಳಂತೆ.

"ಅದೇ ಭಯ," ಅಂದ ರಮಿರೊ.
"ಕೇಳಿಸದೆ ಹೂಂ ಅಂದುಬಿಟ್ಟರೆ?"

ನಾನು ಲೋಟ ಕೆಳಗಿಟ್ಟೆ.

ನಮ್ಮದು ಬಸ್ ಡಿಪೋದ ಹಿಂದಿನ ಊಟದ ಕೋಣೆ.
ಆರು ಮೇಜು, ಎಣ್ಣೆಬಟ್ಟೆ, ಹೋದ ವರ್ಷದ ಕ್ಯಾಲೆಂಡರು.
ಆದರೆ ನಾಲ್ಕೂವರೆಗೆ ಉಣ್ಣುವವರು ಎದ್ದಿರುತ್ತಾರೆ,
ಕುಡಿಯುವವರು ಇನ್ನೂ ಬಂದಿರುವುದಿಲ್ಲ.
ಮೂಲೆಯಲ್ಲಿ ಅವಳು, ಎಡಕ್ಕೆ ಗೋಡೆ, ಬಲಕ್ಕೆ ಅವನು.
ಫ್ರಿಜ್ಜಿನದೊಂದೇ ತೊಡಕು:
ಹನ್ನೊಂದು ನಿಮಿಷ ಗುರುಗುಟ್ಟಿ
ಆರು ನಿಮಿಷ ಸುಮ್ಮನಿರುತ್ತದೆ.
ಇಬ್ಬರೂ ಗಡಿಯಾರ ಹಿಡಿದು ಅಳೆದೆವು.
"ಆರು ನಿಮಿಷ ಸಾಕೆ?"
"ಕೇಳೋದಕ್ಕೆ ಸಾಕು," ಅಂದ.

ಗುರುವಾರ ಬಂದರು.
ಹಸಿರು ಕೋಟಿನ ಗಿಡ್ಡ ಹೆಂಗಸು.
ಒಳಗೆ ಬಂದವಳೇ ಮೂಲೆ ನೋಡಿದಳು, ಗೋಡೆ ನೋಡಿದಳು,
ಕುರ್ಚಿ ಯಾವ ಕಡೆಗಿದೆ ನೋಡಿದಳು,
ಆಮೇಲೆ ಅವನ ಮುಖ.
ಬಹಳ ಹೊತ್ತು ಕೋಟು ಬಿಚ್ಚಲಿಲ್ಲ.

ಪಾತ್ರೆ ಮುಟ್ಟಬೇಡವೆಂದು ಹೆರ್ಮೀನಿಯಾಗೆ ಮೊದಲೇ ಹೇಳಿದ್ದೆ.
ಅಡುಗೆಮನೆಯ ಸ್ಟೂಲಿನ ಮೇಲೆ
ಕೈ ಕಟ್ಟಿ ಕೂತಿದ್ದಳು, ಶಾಲೆಯ ಹುಡುಗಿಯಂತೆ.
ಮೀನಿನ ಸಾರು ಇಟ್ಟು ಬಂದೆ. ಫ್ರಿಜ್ಜು ಓಡುತ್ತಿತ್ತು.
ಅವನು ಬ್ರೆಡ್ಡು ಮುರಿದ, ಮತ್ತೆ ಮುರಿದ, ತಿನ್ನಲಿಲ್ಲ.

ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರು
ನಾವೆಲ್ಲ. ನನ್ನನ್ನೇ ಕೇಳಿ,
ಎರಡು ಸಲ ಮದುವೆಯಾದವನು.
ಅವಳಿಗೋ, ಬಿಡಲು ಆ ಕಿವಿಯೇ ಇಲ್ಲ.
ಹೋದದ್ದು ಒಳಗೇ ಉಳಿಯುತ್ತದೆ.

ಫ್ರಿಜ್ಜು ನಿಂತಿತು.
ಬೀದಿಯಲ್ಲಿ ನಾಯಿಯೊಂದು ಮೈಕೊಡವಿದ್ದೂ ಕೇಳಿಸಿತು.
ನಾನು ಬೆನ್ನು ತಿರುಗಿಸಿ
ಉಪ್ಪಿನ ಡಬ್ಬಿಗಳನ್ನು ತುಂಬತೊಡಗಿದೆ,
ಸದ್ದಾಗದ ಹಾಗೆ, ಚಿಟಿಕೆ ಚಿಟಿಕೆ.

ಅವನು ಏನು ಕೇಳಿದನೋ ನನಗೆ ಕೇಳಿಸಲಿಲ್ಲ.

ಅವಳು ನಗಲಿಲ್ಲ. ಹೂಂ ಅನ್ನಲೂ ಇಲ್ಲ.
"ಇನ್ನೊಂದು ಸಲ ಹೇಳು," ಅಂದಳು.
ಕುರ್ಚಿ ಎಳೆದ ಸದ್ದು, ಹತ್ತಿರಕ್ಕೆ.

ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು.