ನಡುವಿನ ಮೊಳ

ಗಂಜಿನ್ಯಾಗ ಈಗ ಎಲ್ಲಾರ ಕೈ ಉದ್ದ ಆಗ್ಯಾವ.
ಖಾಜಾಪಟೇಲ ತೂಕದ ಚೀಟಿ ಹಿಡಿದು
ದೂರ, ಇನ್ನಾ ದೂರ ಒಯ್ದು
ಕಡೀಕ ನನ್ನ ಮುಂದ ಇಡ್ತಾನ:
"ನೋಡೋ, ಸೋಡಾಬುಡ್ಡಿ."

ಸಾಲ್ಯಾಗ ಅವನೇ ಇಟ್ಟ ಹೆಸರು.
ಕೋಟಿ ಬುರುಜಿನ ಮ್ಯಾಲ ಕುಂತ ಗಿಣಿ ಎಣಿಸಿ ಹೇಳ್ತಿದ್ದ,
ನನಗ ಬುರುಜೇ ಕಾಣ್ತಿರಲಿಲ್ಲ.

ಚಷ್ಮಾ ಹಣಿಗೇರಿಸಿ
ಚೀಟಿ ಮೂಗಿನ ತನಕ ತರ್ತೀನಿ.
ಪೆನ್ಸಿಲ್ಲಿನ ಅರ್ಧ ಅಳಿಸಿದ ಏಳು,
ತೊಗರಿ ಕಾಳಿನ್ಯಾಗ ನುಸಿ ಕೊರೆದ ತೂತು,
ಎಲ್ಲಾ ಕಾಣ್ತದ, ಇರುವಿ ನೋಡಿದಂಗ.

"ವಯಸ್ಸಿಂದ್ರಿ ಇದು," ಅಂದ ಚಷ್ಮಾದ ಅಂಗಡಿಯಾವ.
ತಗದರ ಒಂದು ಗೇಣು ನನ್ನದು,
ಹಾಕಿದರ ಮಾರಿನಾಚಿ ಊರೆಲ್ಲಾ ನನ್ನದು.
ನಡುವಿನ ಒಂದು ಮೊಳ
ಬದು ಒತ್ತಿದಂಗ ಯಾರೋ ಒತ್ಯಾರ.

ರಾತ್ರಿ ಊಟಕ್ಕ ಕುಂತಾಗ
ತಾಟಿನಾಚಿ, ಬರೋಬ್ಬರಿ ಆ ಮೊಳದಾಗೇ
ಜಗದೇವಿ ಕೂಡ್ತಾಳ.
ಹಾಕ್ದೆ, ತಗದೆ, ಮತ್ತ ಹಾಕ್ದೆ, ತಗದೆ.
"ಏನ್ ಹುಡುಕ್ಲಾಕತ್ತಿ?" ಅಂದಳು.
"ರೊಟ್ಟಿ," ಅಂದೆ.

ರೊಟ್ಟಿ ನೀಡ್ಲಾಕ ಬಗ್ಗಿದಳು,
ಗೇಣಿನೊಳಗ ಬಂದಳು.
ಎಡಗಡಿ ಹುಬ್ಬಿನ್ಯಾಗ
ಒಂದೇ ಒಂದು ಬಿಳಿ ಕೂದಲ.
ಯಾವಾಗ ಬಂತೋ.