ಕೆಳಗಿನ ಸುತ್ತು

ಕುತಾಯಿಸಿಯ ಹಳೆ ಸೇತುವೆ ದಾಟಿದರೆ ಬಾದ್ರಿಯ ರೊಟ್ಟಿಯಂಗಡಿ.
ಮೂರು ವರ್ಷದಿಂದ ಒಂದೇ ಲೆಕ್ಕ: ದಿನಕ್ಕೆ ಇನ್ನೂರ ನಲವತ್ತು,
ಏರದು, ಇಳಿಯದು.
ಸಾಲ ಕೊಟ್ಟ ಬ್ಯಾಂಕು ನನ್ನನ್ನು ಕಳಿಸಿತು: ಯಾಕೆ ನಿಂತಿದೆ, ನೋಡಿ ಬಾ.

ಪುಸ್ತಕ ತಿರುವಿದೆ. ಹಿಟ್ಟಿನ ದರ, ಗ್ಯಾಸಿನ ಬಿಲ್ಲು,
ಎದುರು ಬದಿಗೆ ತಲೆಯೆತ್ತಿದ ಸೂಪರ್‌ಮಾರ್ಕೆಟ್ಟು.
"ಅದರ ಕಣ್ಣೇ ಬಿತ್ತು" ಎಂದಳು ಕಿಟಕಿಯಲ್ಲಿ ಕೂತ ಸಿಯಾಲಾ,
ಅನ್ನುತ್ತಲೇ ಇಬ್ಬರನ್ನು ಬರಿಗೈಯಲ್ಲಿ ಸಾಗಹಾಕಿದಳು:
ಮುಗಿದುಹೋಯಿತು, ನಾಳೆ ಬನ್ನಿ.

ಕೊಳ್ಳುವವರು ಇದ್ದಾರಲ್ಲ! ಪುಸ್ತಕ ಮುಚ್ಚಿದೆ.

ಬಾವಿಯಂಥ ಒಲೆ. ಬಾದ್ರಿ ಅರ್ಧ ಮೈ ಒಳಗಿಳಿಸಿ
ದೋಣಿಯಾಗಿ ಎಳೆದ ಹಿಟ್ಟನ್ನು ಗೋಡೆಗೆ ಪಟ್ಟೆಂದು ಬಡಿಯುತ್ತಾನೆ.
ಮೇಲಿನ ಸುತ್ತು. ನಡುವಿನ ಸುತ್ತು.
ಎದ್ದು ಬೆವರೊರೆಸಿಕೊಂಡ, ಮುಚ್ಚಳ ಎಳೆದ.
ಸಂಜೆ ಒಲೆ ಆರಿದ ಮೇಲೆ ಟಾರ್ಚು ಹಿಡಿದು ಬಗ್ಗಿದೆ.
ಕೆಳಗಿನ ಸುತ್ತಿನಲ್ಲಿ ರೊಟ್ಟಿ ಕಿತ್ತ ಗುರುತೇ ಇಲ್ಲ,
ಇಟ್ಟಿಗೆಗೆ ದಪ್ಪ ಮಸಿ.

"ಯಾವಾಗಿನಿಂದ?"
ಬಲ ಭುಜ ಮುಟ್ಟಿಕೊಂಡ. "ಹಿಮದಲ್ಲಿ ಜಾರಿ ಬಿದ್ದಾಗಿನಿಂದ.
ಕೈ ಅಷ್ಟು ದೂರ ಹೋಗಲ್ಲ. ಅವಳಿಗೆ ಹೇಳಬೇಡ."

ಬ್ಯಾಂಕಿನ ನಮೂನೆಯಲ್ಲಿ ಬಂಡವಾಳಕ್ಕೆ ಖಾನೆಯಿದೆ, ಪೈಪೋಟಿಗೆ ಇದೆ,
ತೋಳಿನ ಉದ್ದಕ್ಕೆ ಇಲ್ಲ.
ಷರಾ ಎಂಬಲ್ಲಿ ಬರೆದೆ: ಬಗ್ಗಬಲ್ಲ ಹುಡುಗನೊಬ್ಬ ಬೇಕು.
ಬಾದ್ರಿ ಓದಿ, ನನ್ನ ಪೆನ್ನನ್ನೇ ದಿಟ್ಟಿಸಿದ:
"ಈ ಒಲೆ ಕಟ್ಟಿದ್ದು ನನ್ನ ಅಳತೆಗೆ."

ಬಸ್ಸಿಗೆ ಚಿಲ್ಲರೆ ಕೇಳಿದೆ. ಸಿಯಾಲಾ ಡ್ರಾಯರು ಎಳೆದಳು.
ನಾಣ್ಯಗಳಡಿ ಒಂದು ರಟ್ಟು, ಅವಳದೇ ಅಕ್ಷರ: ಕೆಲಸಕ್ಕೆ ಜನ ಬೇಕು.
ನಾಲ್ಕು ಮೂಲೆಗೂ ಟೇಪು ಅಂಟಿಸಿದ್ದಳು. ಟೇಪು ಹಳದಿಯಾಗಿತ್ತು.
ನಾನು ಕಂಡದ್ದನ್ನು ಕಂಡು, ರಟ್ಟನ್ನು ಮಗುಚಿಟ್ಟು,
ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು.